ಖಾತೆ ನೋಡುವ ಮೊದಲು ಕಾಲುವೆ ನೋಡಿ: ಬೆಂಗಳೂರಿನಲ್ಲಿ ಸೈಟ್ ಕೊಂಡು ಮನೆ ಕಟ್ಟುವವರಿಗೆ

ಸೈಟ್ ಕೊಳ್ಳುವಾಗ ನಾವು ಏನೇನು ನೋಡುತ್ತೇವೆ? ಕ್ರಯಪತ್ರ, ಖಾತೆ, ಇಸಿ (ಋಣಭಾರ ಪತ್ರ), ತೆರಿಗೆ ರಸೀದಿ. ವಕೀಲರು ಹಳೇ ಕಾಗದಗಳನ್ನೆಲ್ಲ ತಿರುವಿ ಹಾಕಿ ಟೈಟಲ್ ಕ್ಲಿಯರ್ ಇದೆ ಅಂತ ಬರೆದುಕೊಡುತ್ತಾರೆ. ವಾಸ್ತು ನೋಡುವವರೂ ಬಂದು ಹೋಗುತ್ತಾರೆ. ಜೋರು ಮಳೆ ಬಂದರೆ ಈ ಜಾಗಕ್ಕೆ ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಅಂತ ಮಾತ್ರ ಯಾರೂ ಕೇಳುವುದಿಲ್ಲ.

2022ರ ಸೆಪ್ಟೆಂಬರ್ ಮೊದಲ ವಾರದಲ್ಲಿ ಬೆಂಗಳೂರಿನಲ್ಲಿ ಒಂದೇ ದಿನಕ್ಕೆ ಸುಮಾರು 131 ಮಿಲಿಮೀಟರ್ ಮಳೆ ಸುರಿಯಿತು. ಸರ್ಜಾಪುರ ರಸ್ತೆಯ ರೈನ್‌ಬೋ ಡ್ರೈವ್ ಬಡಾವಣೆಯಲ್ಲಿ ಕೋಟಿಗಟ್ಟಲೆ ಬೆಲೆಯ ಮನೆಗಳಿಂದ ಜನರನ್ನು ಟ್ರ್ಯಾಕ್ಟರ್, ದೋಣಿಗಳಲ್ಲಿ ಹೊರಗೆ ತರಬೇಕಾಯಿತು. 2025ರ ಮೇ ತಿಂಗಳಲ್ಲಿ ಹೊರಮಾವಿನ ಸಾಯಿ ಲೇಔಟ್ ಮುಳುಗಿತು. ಅಲ್ಲಿನವರೆಲ್ಲ ಕಾಗದಪತ್ರ ನೋಡದೆ ಕೊಂಡವರಲ್ಲ. ಕಾಗದದಲ್ಲಿ ನೀರಿನ ಸುದ್ದಿ ಇರುವುದಿಲ್ಲ, ಅಷ್ಟೇ.

ಬೆಂಗಳೂರಿನಲ್ಲಿ ದೊಡ್ಡ ಹೊಳೆ ಇಲ್ಲ, ಹಾಗಾಗಿ ಪ್ರವಾಹ ಎಲ್ಲಿಂದ ಬರಬೇಕು ಅನ್ನುವವರು ಬಹಳ ಜನ. ಊರು ಕೂತಿರುವುದು ದಿಣ್ಣೆಯ ಮೇಲೆ. ನೀರು ಮುಖ್ಯವಾಗಿ ಮೂರು ಕಣಿವೆಗಳಾಗಿ ಇಳಿಯುತ್ತದೆ: ಹೆಬ್ಬಾಳ, ಕೋರಮಂಗಲ-ಚಲ್ಲಘಟ್ಟ, ವೃಷಭಾವತಿ. ಹಿಂದಿನವರು ಪ್ರತಿ ಇಳಿಜಾರಿಗೂ ಏರಿ ಹಾಕಿ ಕೆರೆ ಕಟ್ಟಿದರು. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ರಾಜಕಾಲುವೆ ಹಿಡಿದು ಕೆಳಗಿನ ಕೆರೆಗೆ. ಮಡಿವಾಳದ ನೀರು ಅಗರಕ್ಕೆ, ಅಗರದ್ದು ಬೆಳ್ಳಂದೂರಿಗೆ, ಬೆಳ್ಳಂದೂರಿನದು ವರ್ತೂರಿಗೆ. ಈ ಊರಿನ ಪ್ರವಾಹದ ಬಯಲು ಅಂದರೆ ಈ ಕಾಲುವೆಗಳ ಎರಡು ಮಗ್ಗುಲು, ಕೆರೆಯ ಅಂಚು, ಏರಿಯ ಕೆಳಗಿನ ಹಳೇ ಗದ್ದೆ ಬಯಲು. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಜಾಗ ಬದಲಾದರೂ ಇಳಿಜಾರು ಬದಲಾಗಿಲ್ಲ.

ಪ್ರವಾಹ ಬಯಲಿಗೆ ವಲಯ ಗುರುತಿಸಿ ಎಲ್ಲಿ ಕಟ್ಟಬಹುದು, ಎಲ್ಲಿ ಬಾರದು ಅಂತ ಹೇಳುವ ಮಾದರಿ ಮಸೂದೆಯೊಂದನ್ನು ಕೇಂದ್ರ ಸರ್ಕಾರ 1975ರಲ್ಲೇ ರಾಜ್ಯಗಳಿಗೆ ಕಳಿಸಿತ್ತು. ಮಣಿಪುರ, ರಾಜಸ್ಥಾನ, ಉತ್ತರಾಖಂಡದಂಥ ಕೆಲವೇ ರಾಜ್ಯಗಳು ಅದನ್ನು ಕಾಯ್ದೆ ಮಾಡಿಕೊಂಡವು. ನಮ್ಮಲ್ಲಿ ಆ ಕೆಲಸವನ್ನು ಬೇರೆ ಬೇರೆ ನಿಯಮಗಳು ತುಂಡು ತುಂಡಾಗಿ ಮಾಡುತ್ತವೆ: ಮಾಸ್ಟರ್ ಪ್ಲಾನ್, ಕೆರೆ ಕಾಯ್ದೆ, ಕಂದಾಯ ಕಾಯ್ದೆ, ಕಟ್ಟಡ ಬೈಲಾ. ಒಂದೇ ಕಡೆ ಎಲ್ಲ ಸಿಗುವುದಿಲ್ಲ. ಹಾಗಾಗಿ ಕೊಳ್ಳುವವರೇ ಜೋಡಿಸಿಕೊಂಡು ಓದಬೇಕು. ಅದು ಹೇಗೆ ಅನ್ನುವುದೇ ಈ ಬರಹ.

ಹೆಜ್ಜೆ 1: ಜಾಗವನ್ನು ಮಳೆಯಲ್ಲಿ ನೋಡಿ

ಬ್ರೋಕರ್ ನಿಮ್ಮನ್ನು ಕರೆದುಕೊಂಡು ಹೋಗುವುದು ಬಿಸಿಲಿರುವ ಭಾನುವಾರ. ನೀವು ಇನ್ನೊಮ್ಮೆ ನೀವಾಗಿಯೇ ಹೋಗಿ, ಜೋರು ಮಳೆ ಬಂದ ದಿನ. ಬೆಂಗಳೂರಿನಲ್ಲಿ ಸೆಪ್ಟೆಂಬರ್, ಅಕ್ಟೋಬರ್ ಇದಕ್ಕೆ ಸರಿಯಾದ ತಿಂಗಳು. ಆತುರ ಮಾಡಿಸುವವರು ಇದ್ದೇ ಇರುತ್ತಾರೆ. ಒಂದು ಮಳೆ ನೋಡುವವರೆಗೆ ಅಡ್ವಾನ್ಸ್ ಕೊಡಬೇಡಿ.

ಮಳೆ ಸಿಗದಿದ್ದರೂ ಗುರುತುಗಳು ಸಿಗುತ್ತವೆ. ಅಕ್ಕಪಕ್ಕದ ಮನೆಗಳ ಗೇಟು ನೋಡಿ. ಗೇಟಿಗೆ ಅಡ್ಡಲಾಗಿ ಒಂದಡಿ ಎತ್ತರದ ಸಿಮೆಂಟ್ ಕಟ್ಟೆ ಇದೆಯಾ? ಬಾಗಿಲ ಎರಡೂ ಕಡೆ ತಗಡಿನ ಹಲಗೆ ಇಳಿಬಿಡಲು ಕಬ್ಬಿಣದ ಪಟ್ಟಿ ಹೊಡೆದಿದ್ದಾರಾ? ಸಂಪಿನ ಮುಚ್ಚಳ ನೆಲದಿಂದ ಎರಡಡಿ ಮೇಲಿದೆಯಾ? ಕಾಂಪೌಂಡಿನ ಬಣ್ಣ ಒಂದೇ ಎತ್ತರಕ್ಕೆ ಎಲ್ಲ ಮನೆಗಳಲ್ಲೂ ಕಿತ್ತು ಬಂದಿದೆಯಾ? ಸುಮ್ನೆ ಯಾರೂ ದುಡ್ಡು ಖರ್ಚು ಮಾಡಿ ಇವನ್ನು ಮಾಡಿಸುವುದಿಲ್ಲ. ಆ ಬೀದಿಗೆ ನೀರು ಬಂದಿದೆ.

ಆಮೇಲೆ ಮಾತಾಡಿಸಿ. ಮೂಲೆಯ ಅಂಗಡಿಯವರು, ರಾತ್ರಿ ಕಾವಲಿನವರು, ಹಳೇ ಹಳ್ಳಿಯ ಹಿರಿಯರು. ‘ಇಲ್ಲಿ ನೀರು ನಿಲ್ಲುತ್ತಾ?’ ಅಂತ ಕೇಳಿದರೆ ‘ಇಲ್ಲ ಸಾರ್’ ಅನ್ನುವ ಉತ್ತರ ಜಾಸ್ತಿ. ಯಾರಿಗೆ ತಾನೇ ಬೇಡ ಅನ್ನಿಸುವ ಮಾತು ಹೇಳಲು ಇಷ್ಟ? ಪ್ರಶ್ನೆ ಬೇರೆ ಥರ ಇರಲಿ. ‘ಯಜಮಾನ್ರೇ, ಈ ಕಡೆ ಮುಂಚೆ ಏನು ಬೆಳೀತಿದ್ರಿ? ನೀರು ಯಾವ ಕೆರೆಯಿಂದ ಬರ್ತಿತ್ತು? ಕೆರೆ ಕೋಡಿ ಬಿದ್ರೆ ನೀರು ಯಾವ ಕಡೆ ಹೋಗ್ತಿತ್ತು?’ ಅಂತ ಕೇಳಿ. ಭತ್ತ ಬೆಳೆಯುತ್ತಿದ್ದೆವು ಅಂದರೆ ಅದು ಏರಿಯ ಕೆಳಗಿನ ಅಚ್ಚುಕಟ್ಟು. ರಾಗಿ, ಹುರುಳಿ ಅಂದರೆ ಎತ್ತರದ ಹೊಲ. ಈ ಒಂದು ಉತ್ತರ ಎಷ್ಟೋ ಕಾಗದಗಳಿಗಿಂತ ಜಾಸ್ತಿ ಹೇಳುತ್ತದೆ.

ಹತ್ತಿರದ ಕೆರೆಯ ಕೋಡಿ ಎಲ್ಲಿದೆ ಅಂತ ಹುಡುಕಿ. ಅಲ್ಲಿ ನಿಂತು ನೀರು ಹೋಗುವ ದಾರಿ ಹಿಡಿದು ನಡೆಯಿರಿ. ಆ ದಾರಿ ಒಂದು ಕಾಂಪೌಂಡ್ ಗೋಡೆಗೆ ಬಂದು ನಿಂತುಹೋದರೆ, ಅಥವಾ ಹತ್ತಡಿ ಅಗಲದ ಕಾಲುವೆ ಒಂದೂವರೆ ಅಡಿಯ ಪೈಪಿಗೆ ಇಳಿದರೆ, ಆ ಜಾಗದಿಂದ ಮೇಲಿನ ಇಡೀ ಬೀದಿಗೆ ನೀರು ಹಿಂದೆ ಒತ್ತುತ್ತದೆ. ನಿಮ್ಮ ಸೈಟು ಆ ಬೀದಿಯಲ್ಲಿದ್ದರೆ ಬೇರೆ ಸೈಟ್ ನೋಡಿ.

ಹೆಜ್ಜೆ 2: ಗ್ರಾಮ ನಕಾಶೆ ತೆಗೆಯಿರಿ

ಈ ಹೆಜ್ಜೆಯನ್ನು ಮಾತ್ರ ದಯವಿಟ್ಟು ಬಿಡಬೇಡಿ. ಬೆಂಗಳೂರಿನ ಸುತ್ತಲಿನ ಪ್ರತಿ ಬಡಾವಣೆಯೂ ಒಂದು ಕಾಲಕ್ಕೆ ಯಾವುದೋ ಹಳ್ಳಿಯ ಸರ್ವೆ ನಂಬರ್ ಆಗಿತ್ತು. ಆ ಹಳ್ಳಿಯ ನಕಾಶೆಯಲ್ಲಿ ಕೆರೆ, ಕುಂಟೆ, ಹಳ್ಳ, ಕಾಲುವೆ, ಬಂಡಿದಾರಿ ಎಲ್ಲವನ್ನೂ ಸರ್ವೆ ಮಾಡಿದವರು ಗುರುತಿಸಿದ್ದಾರೆ. ಬಡಾವಣೆ ಮಾಡಿದವರು ಕಾಲುವೆ ಮುಚ್ಚಿರಬಹುದು, ನಕಾಶೆಯಿಂದ ಅಳಿಸಲು ಆಗುವುದಿಲ್ಲ.

ಮೊದಲು ಸರ್ವೆ ನಂಬರ್ ಬೇಕು. ಕ್ರಯಪತ್ರದ ಷೆಡ್ಯೂಲಿನಲ್ಲಿ ಹಳೇ ಸರ್ವೆ ನಂಬರ್ ಇರುತ್ತದೆ. ಇಲ್ಲದಿದ್ದರೆ ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಂಡು ಸೈಟಿನ ಮೇಲೆ ನಿಂತು ತೆರೆಯಿರಿ. ನೀವು ನಿಂತ ಜಾಗದ ಊರು, ಸರ್ವೆ ನಂಬರ್ ತೋರಿಸುತ್ತದೆ. ಆದರೆ ಆ್ಯಪಿನ ಗಡಿರೇಖೆ ಕೆಲವು ಮೀಟರ್ ಆಚೀಚೆ ಇರಬಹುದು. ಕಾಲುವೆಯ ವಿಚಾರದಲ್ಲಿ ಆ ಕೆಲವು ಮೀಟರೇ ಮನೆ ಇರುತ್ತಾ ಹೋಗುತ್ತಾ ಅನ್ನುವುದನ್ನು ತೀರ್ಮಾನಿಸುತ್ತವೆ. ಹಾಗಾಗಿ ಆ್ಯಪನ್ನು ದಾರಿ ತೋರಿಸಲು ಮಾತ್ರ ಬಳಸಿ, ಅಳತೆಗೆ ಬೇಡ.

ಗ್ರಾಮ ನಕಾಶೆ ಭೂದಾಖಲೆಗಳ ಇಲಾಖೆಯ ಜಾಲತಾಣದಲ್ಲಿ ಸಿಗುತ್ತದೆ. ಜಿಲ್ಲೆ, ತಾಲ್ಲೂಕು, ಹೋಬಳಿ, ಊರು ಆರಿಸಿದರೆ ಸಾಕು. ನಿಮ್ಮ ಸರ್ವೆ ನಂಬರ್ ಹುಡುಕಿ, ಅದರ ಒಳಗೆ ಅಥವಾ ಅಂಚಿನಲ್ಲಿ ಜೋಡಿ ಗೆರೆ ಹಾದುಹೋಗಿದೆಯಾ ನೋಡಿ. ಆ ಗೆರೆಯನ್ನು ಮೇಲಕ್ಕೂ ಕೆಳಕ್ಕೂ ಬೆರಳಿನಲ್ಲಿ ಹಿಂಬಾಲಿಸಿ. ಎರಡು ತುದಿಗೂ ಕೆರೆ ಸಿಕ್ಕರೆ ಅದು ಕೆರೆಗಳನ್ನು ಜೋಡಿಸುವ ಕಾಲುವೆ. ದಾರಿಗೂ ಕಾಲುವೆಗೂ ಗುರುತು ಬೇರೆ ಬೇರೆ ಇರುತ್ತದೆ, ಗೊಂದಲವಾದರೆ ಸರ್ವೆಯರ್ ಹತ್ತಿರ ತೋರಿಸಿ.

ಜೊತೆಗೆ ಹಳೇ ಪಹಣಿ ತೆಗೆಸಿ. ಅದರ ಮೂರನೇ ಕಾಲಮಿನಲ್ಲಿ ವಿಸ್ತೀರ್ಣದ ಕೆಳಗೆ ಖರಾಬು ‘ಎ’ ಮತ್ತು ‘ಬಿ’ ಅಂತ ಇರುತ್ತದೆ. ‘ಎ’ ಅಂದರೆ ಸಾಗುವಳಿಗೆ ಬಾರದ ಜಮೀನು. ‘ಬಿ’ ಅಂದರೆ ಸಾರ್ವಜನಿಕ ಬಳಕೆಯದು: ದಾರಿ, ಹಳ್ಳ, ಕಾಲುವೆ, ಸ್ಮಶಾನ. ಸರ್ವೆ ನಂಬರಿನಲ್ಲಿ ಐದು ಗುಂಟೆ ‘ಬಿ’ ಖರಾಬು ಇದೆ, ಬಡಾವಣೆ ನಕ್ಷೆಯಲ್ಲಿ ಆ ಐದು ಗುಂಟೆ ಎಲ್ಲೂ ಕಾಣುತ್ತಿಲ್ಲ ಅಂದರೆ ಅದನ್ನು ಯಾವುದೋ ಸೈಟುಗಳಾಗಿ ಮಾರಿದ್ದಾರೆ. ಆ ಸೈಟು ನಿಮ್ಮದೇ ಇರಬಹುದು. ಪಹಣಿಯಲ್ಲೇ ತರಿ, ಖುಷ್ಕಿ (ಮಳೆ ನಂಬಿದ ಹೊಲ), ಬಾಗಾಯ್ತು (ತೋಟ) ಅಂತಲೂ ಬರೆದಿರುತ್ತದೆ. ತರಿ ಅಂದರೆ ಗದ್ದೆ ಜಮೀನು, ನೀರಿನ ದಾರಿಯಲ್ಲಿದ್ದ ಜಮೀನು.

ಇನ್ನೂ ಒಂದು ಮೆಟ್ಟಿಲು ಕೆಳಗಿಳಿದರೆ ಟಿಪ್ಪಣಿ ಸಿಗುತ್ತದೆ. ಒಂದೊಂದು ಸರ್ವೆ ನಂಬರಿನ ಅಳತೆ ಬರೆದಿಟ್ಟ ಹಾಳೆ ಅದು. ಅಳತೆ ಸರಪಳಿ ಮತ್ತು ಆಣೆಯಲ್ಲಿರುತ್ತದೆ. ಒಂದು ಸರಪಳಿಗೆ 33 ಅಡಿ, ಹದಿನಾರು ಆಣೆಗೆ ಒಂದು ಸರಪಳಿ. ಅಂದರೆ ಒಂದು ಆಣೆಗೆ ಎರಡು ಅಡಿಗಿಂತ ಸ್ವಲ್ಪ ಜಾಸ್ತಿ. ಕಾಲುವೆಯ ಅಗಲ ಎಂಟು ಆಣೆ ಅಂತಿದ್ದರೆ ಹದಿನಾರೂವರೆ ಅಡಿ. ಸ್ಥಳದಲ್ಲಿ ಈಗ ನಾಲ್ಕಡಿಯ ಮೋರಿ ಕಾಣುತ್ತಿದ್ದರೆ ಉಳಿದ ಹನ್ನೆರಡೂವರೆ ಅಡಿ ಯಾರದೋ ಕಾಂಪೌಂಡಿನ ಒಳಗಿದೆ. ಸರ್ವೆಯವರು ನಾಳೆ ಬಂದು ಅಳೆಯುವುದು ಈ ಹದಿನಾರೂವರೆ ಅಡಿಯನ್ನೇ, ಕಣ್ಣಿಗೆ ಕಾಣುವ ನಾಲ್ಕಡಿಯನ್ನಲ್ಲ.

ಹೆಜ್ಜೆ 3: ಬಫರ್ ಲೆಕ್ಕ ಹಾಕಿ

ಕಾಲುವೆ ನಿಮ್ಮ ಸೈಟಿನ ಒಳಗಿಲ್ಲ ಅಂದಮಾತ್ರಕ್ಕೆ ಮುಗಿಯಲಿಲ್ಲ. ಅದರ ಪಕ್ಕದಲ್ಲಿ ಕಟ್ಟಬಾರದ ಪಟ್ಟಿ ಇರುತ್ತದೆ. ಅದನ್ನೇ ಬಫರ್ ಅನ್ನುವುದು.

2007ರಲ್ಲಿ ಜಾರಿಗೆ ಬಂದ, 2015ರ ಮಾಸ್ಟರ್ ಪ್ಲಾನ್ ಅಂತ ಕರೆಯುವ ಯೋಜನೆಯಲ್ಲಿ ಕಾಲುವೆಗಳನ್ನು ಮೂರು ದರ್ಜೆ ಮಾಡಿದರು. ಪ್ರಾಥಮಿಕ ಕಾಲುವೆಗೆ 50 ಮೀಟರ್, ದ್ವಿತೀಯಕ್ಕೆ 25, ತೃತೀಯಕ್ಕೆ 15. ಅಳೆಯುವುದು ಕಾಲುವೆಯ ನಡುಮಧ್ಯದಿಂದ. ಕೆರೆಗೆ 30 ಮೀಟರ್, ಅದನ್ನು ಕಂದಾಯ ದಾಖಲೆಯಲ್ಲಿರುವ ಕೆರೆಯ ಗಡಿಯಿಂದ ಅಳೆಯಬೇಕು. ಬೇಸಿಗೆಯಲ್ಲಿ ನೀರು ಎಲ್ಲಿ ನಿಂತಿದೆ, ತಂತಿಬೇಲಿ ಎಲ್ಲಿ ಹಾಕಿದ್ದಾರೆ ಅನ್ನುವುದು ಇಲ್ಲಿ ಲೆಕ್ಕಕ್ಕಿಲ್ಲ. 2014ರ ಕೆರೆ ಕಾಯ್ದೆಯೂ 30 ಮೀಟರಿನೊಳಗೆ ಕಟ್ಟಡ ಬೇಡ ಅಂದಿತು.

ಆಮೇಲೆ 2016ರ ಮೇ ತಿಂಗಳಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಇದನ್ನು ಹೆಚ್ಚಿಸಿತು: ಕೆರೆಗೆ 75 ಮೀಟರ್, ಕಾಲುವೆಗಳಿಗೆ 50, 35, 25, ಅದೂ ಅಂಚಿನಿಂದ. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿ ಮಾಸ್ಟರ್ ಪ್ಲಾನಿನ ಅಳತೆಗೇ ವಾಪಸ್ ತಂದಿತು. 2025ರಲ್ಲಿ ಕೆರೆಯ ವಿಸ್ತೀರ್ಣಕ್ಕೆ ತಕ್ಕಂತೆ ಬಫರ್ ಇಳಿಸುವ ತಿದ್ದುಪಡಿ ಮಸೂದೆಯನ್ನು ಸರ್ಕಾರ ವಿಧಾನಮಂಡಲಕ್ಕೆ ತಂದಿತು. ಹೀಗೆ ಸಂಖ್ಯೆಗಳು ಬದಲಾಗುತ್ತಲೇ ಇರುತ್ತವೆ. ನೀವು ಅರ್ಜಿ ಹಾಕುವ ದಿನ ಯಾವುದು ಜಾರಿಯಲ್ಲಿದೆ ಅಂತ ಕಚೇರಿಯಲ್ಲೇ ಕೇಳಿ ತಿಳಿಯಬೇಕು. ನನ್ನ ಅಭಿಪ್ರಾಯ ಕೇಳಿದರೆ, ನಿಯಮ ಎಷ್ಟೇ ಸಡಿಲವಾಗಲಿ, 50, 25, 15, ಕೆರೆಗೆ 30 ಅನ್ನುವ ಹಳೇ ಲೆಕ್ಕವನ್ನು ನಿಮ್ಮ ಸ್ವಂತ ನಿಯಮವಾಗಿ ಇಟ್ಟುಕೊಳ್ಳಿ. ಗೆಜೆಟ್ಟಿನಲ್ಲಿ ಮೀಟರ್ ಇಳಿಸಿದರೆ ಕಾಲುವೆಯ ನೀರು ಇಳಿಯುವುದಿಲ್ಲ.

ಲೆಕ್ಕ ಹಾಕುವುದು ಹೀಗೆ. ಮೇಲೆ ಹೇಳಿದ ಎಂಟು ಆಣೆ ಅಗಲದ ಕಾಲುವೆಯನ್ನೇ ತೆಗೆದುಕೊಳ್ಳೋಣ. ಅದು ತೃತೀಯ ದರ್ಜೆಯದು ಅಂತಿಟ್ಟುಕೊಳ್ಳಿ, ಎಲ್ಲಕ್ಕಿಂತ ಸಣ್ಣದು. ನಡುವಿನಿಂದ 15 ಮೀಟರ್ ಅಂದರೆ ಸುಮಾರು 49 ಅಡಿ. ಅದರಲ್ಲಿ ಕಾಲುವೆಯ ಅರ್ಧ ಅಗಲ, ಅಂದರೆ ಎಂಟೂಕಾಲು ಅಡಿ ಕಳೆದರೆ ಕಾಲುವೆಯ ಅಂಚಿನಿಂದ ಸುಮಾರು 41 ಅಡಿ ಉಳಿಯುತ್ತದೆ. ಮೂವತ್ತು ನಲವತ್ತರ ಸೈಟು ಆ ಕಾಲುವೆಗೆ ಅಂಟಿಕೊಂಡಿದ್ದರೆ ಇಡೀ ಸೈಟು ಬಫರಿನೊಳಗೆ. ಒಂದು ಚದರಡಿಯೂ ಕಟ್ಟುವಂತಿಲ್ಲ. ಅದೇ ದ್ವಿತೀಯ ದರ್ಜೆಯದಾದರೆ ನಡುವಿನಿಂದ 82 ಅಡಿ, ಪ್ರಾಥಮಿಕವಾದರೆ 164 ಅಡಿ. ಸೈಟು ಬೇರೆಯವರ ಸೈಟಿನ ಹಿಂದಿದೆ, ಕಾಲುವೆ ಕಾಣುವುದೂ ಇಲ್ಲ ಅನ್ನುವವರೂ ಈ ಲೆಕ್ಕದಲ್ಲಿ ಬರುತ್ತಾರೆ.

‘ಮಾಸ್ಟರ್ ಪ್ಲಾನ್ ನಕ್ಷೆಯಲ್ಲಿ ಈ ಕಾಲುವೆ ಇಲ್ಲವೇ ಇಲ್ಲ, ಹಾಗಾಗಿ ಬಫರ್ ಬರುವುದಿಲ್ಲ’ ಅಂತ ಡೆವಲಪರ್ ಕಡೆಯವರು ಹೇಳಬಹುದು. ಇದನ್ನು ನಂಬಬೇಡಿ. ನಕ್ಷೆ ಬಿಡಿಸುವಾಗಿನ ತಪ್ಪಿನಿಂದ ಬಫರ್ ಬಿಟ್ಟುಹೋಗಿದ್ದರೆ ಕಂದಾಯ ದಾಖಲೆ ನೋಡಿ ಬಫರ್ ಬಿಡಿಸಬೇಕು ಅಂತ ಅದೇ ಮಾಸ್ಟರ್ ಪ್ಲಾನಿನ ವಲಯ ನಿಯಮದಲ್ಲಿದೆ. ಗ್ರಾಮ ನಕಾಶೆಯಲ್ಲಿ ಇದ್ದರೆ ಇದ್ದ ಹಾಗೆಯೇ.

ಬಫರಿನಲ್ಲಿ ಏನು ಮಾಡಬಹುದು? ರಸ್ತೆ, ಕಾಲುದಾರಿ, ಮೋರಿ, ಸೇತುವೆ, ನೀರು ಶುದ್ಧ ಮಾಡುವ ಘಟಕ, ಅದೂ ನೀರಿನ ಹರಿವಿಗೆ ಅಡ್ಡ ಬಾರದಂತೆ. ಕೆರೆಯ ಬಫರನ್ನು ಬಡಾವಣೆಯ ಪಾರ್ಕಿಗೆ ಲೆಕ್ಕ ಹಿಡಿಯಲು ಅವಕಾಶವಿದೆ. ಬಡಾವಣೆಯ ಪಾರ್ಕು ಉದ್ದಕ್ಕೆ ಪಟ್ಟಿಯಂತೆ ಒಂದು ಕಡೆ ಹೋಗಿದ್ದರೆ ಅದರ ಆಚೆ ಏನಿದೆ ಅಂತ ಒಂದು ಸಲ ಹೋಗಿ ನೋಡಿ ಬನ್ನಿ.

ಒಂದು ಮುಖ್ಯ ವ್ಯತ್ಯಾಸ ಇಲ್ಲಿದೆ, ಇದನ್ನು ಗೊಂದಲ ಮಾಡಿಕೊಳ್ಳುವವರೇ ಜಾಸ್ತಿ. ಕಾಲುವೆಯ ಜಾಗ, ಅಂದರೆ ‘ಬಿ’ ಖರಾಬು, ಸರ್ಕಾರದ್ದು. ಅದನ್ನು ಯಾರು ಮಾರಿದರೂ, ಯಾರು ಕೊಂಡರೂ ಅದು ಒತ್ತುವರಿಯೇ. ಬಫರ್ ಜಾಗ ಹಾಗಲ್ಲ. ಅದು ಖಾಸಗಿ ಜಮೀನಾಗಿದ್ದರೆ ಒಡೆತನ ನಿಮ್ಮದೇ ಇರುತ್ತದೆ. ತೋಟ ಮಾಡಬಹುದು, ಗಿಡ ನೆಡಬಹುದು, ಕಟ್ಟುವಂತಿಲ್ಲ ಅಷ್ಟೇ. ಒಡೆತನ ಸರಿಯಾಗಿರುವುದರಿಂದಲೇ ವಕೀಲರ ವರದಿಯಲ್ಲಿ, ಇಸಿಯಲ್ಲಿ ಬಫರಿನ ಸುಳಿವು ಸಿಗುವುದಿಲ್ಲ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಯಿತು, ಬ್ಯಾಂಕ್ ಸಾಲ ಕೊಟ್ಟಿತು, ಪಾಲಿಕೆ ತೆರಿಗೆ ಕಟ್ಟಿಸಿಕೊಂಡಿತು: ಈ ಮೂರೂ ಆಗಿದ್ದರೂ ಅಲ್ಲಿ ಕಟ್ಟಬಹುದು ಅನ್ನುವುದಕ್ಕೆ ಯಾವುದೂ ಸಾಕ್ಷಿ ಅಲ್ಲ.

ಹೆಜ್ಜೆ 4: ಬಾಯಿಮಾತು ಬೇಡ, ಬರಹದಲ್ಲಿ ಪಡೆಯಿರಿ

ಅನುಮಾನ ಇದ್ದರೆ ಮೂರು ಕೆಲಸ ಮಾಡಿಸಿ. ಮಾರುವವರ ಕಡೆಯಿಂದಲೇ ಹದ್ದುಬಸ್ತಿಗೆ ಅರ್ಜಿ ಹಾಕಿಸಿ. ಸರ್ಕಾರಿ ಸರ್ವೆಯರ್ ಬಂದು ಸರ್ವೆ ನಂಬರಿನ ಗಡಿ ಗುರುತಿಸಿ ಸ್ಕೆಚ್ ಕೊಡುತ್ತಾರೆ. ಅದರಲ್ಲಿ ಕಾಲುವೆಯ ಅಗಲ ಮತ್ತು ನಿಮ್ಮ ಸೈಟಿಗೆ ಇರುವ ದೂರ ಬರೆಸಿಕೊಳ್ಳಿ. ಮಾರುವವರು ಇದಕ್ಕೆ ಹಿಂದೆ ಮುಂದೆ ನೋಡಿದರೆ ಕಾರಣ ನಿಮಗೆ ತಿಳಿದ ಹಾಗೆಯೇ.

ಎರಡನೆಯದು, ಯೋಜನಾ ಪ್ರಾಧಿಕಾರದಿಂದ ಆ ಸರ್ವೆ ನಂಬರಿನ ಭೂಬಳಕೆ ಮತ್ತು ಬಫರ್ ಬಗ್ಗೆ ದೃಢೀಕರಣ. ಮೂರನೆಯದು, ಕಾಲುವೆ ಯಾವ ದರ್ಜೆಯದು, ಅದರ ಒತ್ತುವರಿ ಪಟ್ಟಿಯಲ್ಲಿ ಈ ಸರ್ವೆ ನಂಬರ್ ಇದೆಯಾ ಅಂತ ಪಾಲಿಕೆಯ ಮಳೆನೀರು ಕಾಲುವೆ ವಿಭಾಗಕ್ಕೆ ಮಾಹಿತಿ ಹಕ್ಕಿನಲ್ಲಿ ಅರ್ಜಿ. ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದಲ್ಲಿ ಉತ್ತರ ಕೊಡಬೇಕು. ಕರ್ನಾಟಕದಲ್ಲಿ ಅರ್ಜಿ 150 ಪದದೊಳಗೆ, ಒಂದೇ ವಿಷಯದ ಬಗ್ಗೆ ಇರಬೇಕು ಅನ್ನುವುದು ನೆನಪಿರಲಿ. 2025ರ ಸೆಪ್ಟೆಂಬರಿನಿಂದ ಬೆಂಗಳೂರು ಐದು ನಗರ ಪಾಲಿಕೆಗಳಾಗಿದೆ, ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಇದೆ. ಅರ್ಜಿ ಹಾಕುವ ಮೊದಲು ನಿಮ್ಮ ಜಾಗ ಯಾವ ಪಾಲಿಕೆಗೆ ಸೇರಿದೆ ಅಂತ ಖಚಿತ ಮಾಡಿಕೊಳ್ಳಿ.

ಅಗ್ರಿಮೆಂಟಿನಲ್ಲೇ ಒಂದು ಸಾಲು ಹಾಕಿಸಿ: ಸರ್ವೆಯಲ್ಲಿ ಸೈಟಿನ ಯಾವುದೇ ಭಾಗ ಕಾಲುವೆ ಅಥವಾ ಬಫರಿನಲ್ಲಿ ಬಂದರೆ ಅಡ್ವಾನ್ಸ್ ಪೂರ್ತಿ ವಾಪಸ್ ಕೊಡಬೇಕು ಅಂತ.

ಹೆಜ್ಜೆ 5: ನಕ್ಷೆ ಮಂಜೂರಾತಿ

ಮನೆಯ ನಕ್ಷೆ ಮಾಡುವ ಎಂಜಿನಿಯರ್‌ಗೆ ಸೈಟ್ ಪ್ಲಾನಿನಲ್ಲಿ ಕಾಲುವೆ, ಅದರ ನಡುಗೆರೆ, ಬಫರ್ ಗೆರೆ ಮೂರನ್ನೂ ಬಿಡಿಸಲು ಹೇಳಿ. ಇವನ್ನು ಬಿಟ್ಟು ನಕ್ಷೆ ಕೊಟ್ಟರೆ ಬೇಗ ಪಾಸಾಗುತ್ತದೆ ಅಂತ ಸಲಹೆ ಕೊಡುವವರು ಇದ್ದಾರೆ. ತಪ್ಪು ಮಾಹಿತಿ ಕೊಟ್ಟು ಪಡೆದ ಮಂಜೂರಾತಿಯನ್ನು ಯಾವಾಗ ಬೇಕಾದರೂ ರದ್ದು ಮಾಡಬಹುದು, ಆಗ ಆ ಎಂಜಿನಿಯರ್ ನಿಮ್ಮ ಜೊತೆ ಇರುವುದಿಲ್ಲ. ಆಮೇಲೆ ಅಕ್ರಮ ಸಕ್ರಮದಲ್ಲಿ ಸರಿ ಮಾಡಿಕೊಳ್ಳೋಣ ಅನ್ನುವ ಮಾತನ್ನೂ ನೆಚ್ಚಬೇಡಿ. ಆ ಯೋಜನೆಗೆ 2017ರಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಕೆರೆ, ರಾಜಕಾಲುವೆ ಒತ್ತುವರಿಗೆ ಅದರಲ್ಲಿ ಜಾಗವೂ ಇರಲಿಲ್ಲ.

ಹೆಜ್ಜೆ 6: ಬಫರಿನ ಆಚೆ ಇದ್ದರೂ ನೀರಿಗೆ ತಯಾರಾಗಿ ಕಟ್ಟಿ

ಬಫರ್ ಗೆರೆ ದಾಟಿದ ಕೂಡಲೇ ನೀರು ನಿಲ್ಲುವುದಿಲ್ಲ. ತಗ್ಗಿನ ಬೀದಿಯಲ್ಲಿ ಮನೆ ಕಟ್ಟುವವರು ಮೊದಲು ಯೋಚಿಸಬೇಕಾದ್ದು ಪಾಯದ ಎತ್ತರ. ರಾಷ್ಟ್ರೀಯ ಕಟ್ಟಡ ಸಂಹಿತೆ ಪ್ರಕಾರ ಪ್ಲಿಂತ್ ಸುತ್ತಲಿನ ನೆಲಕ್ಕಿಂತ ಕನಿಷ್ಠ 45 ಸೆಂಟಿಮೀಟರ್, ಅಂದರೆ ಒಂದೂವರೆ ಅಡಿ ಮೇಲಿರಬೇಕು. ಇದು ಎಲ್ಲ ಕಡೆಗೂ ಹೇಳಿದ ಕನಿಷ್ಠ. ನೀರು ಬಂದಿರುವ ಬೀದಿಯಲ್ಲಿ ಲೆಕ್ಕ ನೆಲದಿಂದ ಶುರುವಾಗಬಾರದು, ನೀರಿನ ಗುರುತಿನಿಂದ ಶುರುವಾಗಬೇಕು. ಹಿಂದೆ ನೀರು ಎಲ್ಲಿಯವರೆಗೆ ಬಂದಿತ್ತೋ ಅದರ ಮೇಲೆ ಒಂದೂವರೆ ಅಡಿ ಇಡಿ. ಇನ್ನೊಂದು ವಿಷಯ: ನಮ್ಮ ಬೀದಿಗಳಲ್ಲಿ ಹಳೇ ಡಾಂಬರು ಕೆರೆಯದೆ ಅದರ ಮೇಲೇ ಹೊಸದು ಹಾಕುವ ರೂಢಿ ಇದೆ. ಹತ್ತು ಹದಿನೈದು ವರ್ಷದಲ್ಲಿ ರಸ್ತೆ ಎದ್ದು ಮನೆ ತಗ್ಗಾಗುತ್ತದೆ. ಅದಕ್ಕೂ ಅರ್ಧ ಅಡಿ ಸೇರಿಸಿ.

ಎತ್ತರಕ್ಕೆ ಅಂತ ಇಡೀ ಸೈಟಿಗೆ ಮಣ್ಣು ತುಂಬಿಸಿ ಸುತ್ತ ಗೋಡೆ ಎಬ್ಬಿಸುವವರಿದ್ದಾರೆ. ಮೇಲಿಂದ ಬರುವ ನೀರು ಆಗ ಪಕ್ಕದವರ ಮನೆಗೆ ನುಗ್ಗುತ್ತದೆ. ಮೇಲಿನ ಜಮೀನಿನಲ್ಲಿ ಬಿದ್ದ ಮಳೆನೀರು ಕೆಳಗಿನ ಜಮೀನಿಗೆ ಸಹಜವಾಗಿ ಹರಿದುಹೋಗಲು ಬಿಡಬೇಕು ಅಂತ 1882ರ ಈಸ್‌ಮೆಂಟ್ ಕಾಯ್ದೆಯಲ್ಲೇ ಇದೆ. ಅಡ್ಡಗಟ್ಟಿದರೆ ಪಕ್ಕದವರು ಕೋರ್ಟಿಗೆ ಹೋಗಬಹುದು, ಹೋದರೆ ಅದು ನ್ಯಾಯವೇ. ಮನೆಯ ಪಾಯ ಮಾತ್ರ ಎತ್ತರಿಸಿ. ಸೈಟಿನ ಉಳಿದ ಜಾಗ ನೀರು ಹಾದುಹೋಗುವಂತೆ ಇರಲಿ. ಕಾಂಪೌಂಡಿನ ಬುಡದಲ್ಲಿ ಕಿಂಡಿ ಬಿಡಿಸಿ, ಕಸ ಬರದಂತೆ ಜಾಲರಿ ಹಾಕಿಸಿ. ಮನೆ ಮುಂದಿನ ಮೋರಿಗೆ ಕಾಂಕ್ರೀಟ್ ಸುರಿದು ಮುಚ್ಚಬೇಡಿ. ಎತ್ತಿ ಹೂಳು ತೆಗೆಯುವಂಥ ಚಪ್ಪಡಿ ಸಾಕು.

ನೆಲಮಾಳಿಗೆ ಬೇಡವೇ ಬೇಡ. ತಗ್ಗಿನ ಜಾಗದಲ್ಲಿ ಬೇಸ್‌ಮೆಂಟ್ ಪಾರ್ಕಿಂಗ್ ಅಂದರೆ ಬೀದಿಯ ನೀರಿಗೆಲ್ಲ ಇಳಿಜಾರು ಮಾಡಿಕೊಟ್ಟ ಹಾಗೆ. 2025ರ ಮೇ ತಿಂಗಳಲ್ಲಿ ಬಿಟಿಎಂ ಬಡಾವಣೆ ಬಳಿಯ ಅಪಾರ್ಟ್‌ಮೆಂಟ್ ಒಂದರ ನೆಲಮಾಳಿಗೆಯಿಂದ ನೀರು ಹೊರಹಾಕುವಾಗ ಕರೆಂಟ್ ಹೊಡೆದು ಇಬ್ಬರು ಸತ್ತರು, ಅವರಲ್ಲಿ ಒಬ್ಬ ಹನ್ನೆರಡು ವರ್ಷದ ಹುಡುಗ. ಕಾರಿಗೆ ಜಾಗ ಬೇಕಾದರೆ ಕಂಬಗಳ ಮೇಲೆ ಮನೆ ಎತ್ತಿ ನೆಲದ ಮಟ್ಟದಲ್ಲೇ ನಿಲ್ಲಿಸಿ. ನೀರು ಬಂದರೂ ಹಾದುಹೋಗುತ್ತದೆ.

ಕರೆಂಟಿನ ವಿಷಯದಲ್ಲಿ ಉಳಿತಾಯ ನೋಡಬೇಡಿ. ಮೀಟರ್ ಬೋರ್ಡ್, ಯುಪಿಎಸ್ ಬ್ಯಾಟರಿ, ಪಂಪಿನ ಸ್ಟಾರ್ಟರ್ ನೀರಿನ ಗುರುತಿಗಿಂತ ಸಾಕಷ್ಟು ಮೇಲೆ. ಕೆಳಗಿನ ಮಹಡಿಯ ಪ್ಲಗ್ ಪಾಯಿಂಟುಗಳು ನಾಲ್ಕಡಿ ಎತ್ತರಕ್ಕೆ. ಕೆಳಗಿನ ಮಹಡಿಯ ವೈರಿಂಗನ್ನು ಬೇರೆ ಸರ್ಕ್ಯೂಟ್ ಮಾಡಿಸಿ, ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ ಆರ್‌ಸಿಸಿಬಿ ಹಾಕಿಸಿ. ನೀರು ಬರುತ್ತಿದ್ದ ಹಾಗೇ ಕೆಳಗಿನದನ್ನು ಮಾತ್ರ ಆಫ್ ಮಾಡಿ ಮೇಲೆ ಇರಬಹುದು.

ಸಂಪು ಮತ್ತು ಯುಜಿಡಿ (ಒಳಚರಂಡಿ) ಬಗ್ಗೆ ಕಟ್ಟಿಸುವವರು ಯೋಚಿಸುವುದೇ ಕಡಿಮೆ. ಸಂಪಿನ ಬಾಯಿ ನೆಲಮಟ್ಟದಲ್ಲಿದ್ದರೆ ಚರಂಡಿ ನೀರು ಒಳಗೆ ಹೋಗಿ ವಾರಗಟ್ಟಲೆ ಕುಡಿಯಲು, ತೊಳೆಯಲು ನೀರಿಲ್ಲದಂತಾಗುತ್ತದೆ. ಬಾಯಿ ಸುತ್ತ ನೀರಿನ ಗುರುತಿಗಿಂತ ಎತ್ತರದ ಕಟ್ಟೆ ಕಟ್ಟಿಸಿ. ಯುಜಿಡಿ ಲೈನಿಗೆ ನಿಮ್ಮ ಕೊನೆಯ ಚೇಂಬರಿನಲ್ಲಿ ನಾನ್ ರಿಟರ್ನ್ ವಾಲ್ವ್ ಹಾಕಿಸಿ. ಬೀದಿಯ ಮ್ಯಾನ್‌ಹೋಲ್ ತುಂಬಿದಾಗ ಮಲಿನ ನೀರು ಮೊದಲು ಉಕ್ಕುವುದು ನಿಮ್ಮ ಕೆಳಮಹಡಿಯ ಬಚ್ಚಲಿನಲ್ಲಿ. ಬಾಗಿಲಿಗೆ ಮರಳಿನ ಚೀಲ ಇಟ್ಟು ಕಾಯುತ್ತಿದ್ದರೆ ನೀರು ಒಳಗಿಂದಲೇ ಬಂದಿರುತ್ತದೆ.

ಮಳೆನೀರು ಕೊಯ್ಲು ಮೂವತ್ತು ನಲವತ್ತರ ಹೊಸ ಮನೆಯಿಂದ ಮೇಲಕ್ಕೆ ಕಡ್ಡಾಯ. ಅಷ್ಟು ಸೈಟಿನ ಮೇಲೆ 131 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 14,600 ಲೀಟರ್. ಆರು ಸಾವಿರ ಲೀಟರಿನ ಎರಡು ಟ್ಯಾಂಕರಿಗಿಂತ ಜಾಸ್ತಿ. ಎತ್ತರದ ಬಡಾವಣೆಯಲ್ಲಿ ಇಂಗುಗುಂಡಿ ಚೆನ್ನಾಗಿ ಕೆಲಸ ಮಾಡುತ್ತದೆ. ಕೆರೆ ಪಕ್ಕದ ತಗ್ಗಿನಲ್ಲಿ ನೆಲದಡಿಯ ನೀರು ಮೊದಲೇ ಮೇಲಿರುವುದರಿಂದ ಗುಂಡಿ ಇಂಗಿಸುವುದಿಲ್ಲ, ತುಂಬಿ ನಿಲ್ಲುತ್ತದೆ. ಅಲ್ಲಿ ತೊಟ್ಟಿ ಕಟ್ಟಿಸಿ ಬಳಸುವುದು ಒಳ್ಳೆಯದು. ಕೆಳಮಹಡಿಯ ಅಡುಗೆಮನೆ, ಬೀರುಗಳಿಗೆ ಪ್ಲೈವುಡ್ ಬದಲು ಕಡಪ ಕಲ್ಲು ಅಥವಾ ಗ್ರಾನೈಟ್ ಹಲಗೆ ಹಾಕಿಸಿ. ನೆಂದರೆ ಒರೆಸಿ ಬಿಡಬಹುದು.

ಹೊಳೆ ದಂಡೆಯ ಊರಿನವರಿಗೆ

ಕೃಷ್ಣಾ, ಮಲಪ್ರಭಾ, ಘಟಪ್ರಭಾ, ಭೀಮಾ, ಕಪಿಲಾ ದಂಡೆಯಲ್ಲಿ ಲೆಕ್ಕ ಬೇರೆ. ಅಲ್ಲಿ ಒಂದು ಬೀದಿಯ ಮಳೆಗಿಂತ ಮೇಲಿನ ಅಣೆಕಟ್ಟೆಯಿಂದ ಬಿಡುವ ನೀರು ಮುಖ್ಯ. 2009ರ ಅಕ್ಟೋಬರ್ ಮತ್ತು 2019ರ ಆಗಸ್ಟ್, ಈ ಎರಡು ಪ್ರವಾಹದ ಗುರುತು ಊರಿನ ಗುಡಿ, ಶಾಲೆ, ಸೇತುವೆಯ ಕಂಬದಲ್ಲಿ ಜನರಿಗೆ ಗೊತ್ತಿರುತ್ತದೆ. ಹೊಸ ಮನೆಯ ನೆಲ ಎರಡರಲ್ಲಿ ಜಾಸ್ತಿ ಇರುವ ಗುರುತಿಗಿಂತ ಮೇಲೆ ಬರುತ್ತಾ ಅಂತ ಲೆವೆಲ್ ಟ್ಯೂಬಿನಲ್ಲಿ ಅಳೆದು ನೋಡಿ. ಬರದಿದ್ದರೆ ಊರ ದಿಣ್ಣೆಯ ಕಡೆ ಜಾಗ ಹುಡುಕುವುದೇ ಸರಿ. ಪಂಚಾಯಿತಿ ಲೈಸೆನ್ಸ್ ಕೊಡುವ ಮುಂಚೆ ಪಿಡಿಒ ಅವರಿಂದ ಆ ಜಾಗ ಹಿಂದೆ ಮುಳುಗಿದ ಪಟ್ಟಿಯಲ್ಲಿದೆಯಾ ಅಂತ ಕೇಳಿ.

ಈಗಾಗಲೇ ಕಟ್ಟಿ ಆಗಿದ್ದರೆ, ನೋಟಿಸ್ ಬಂದಿದ್ದರೆ

ಮೊದಲು ನೋಟಿಸ್ ಸರಿಯಾಗಿ ಓದಿ. ಕಾಲುವೆಯ ಒತ್ತುವರಿ ಅಂತಿದೆಯಾ, ಬಫರ್ ಉಲ್ಲಂಘನೆ ಅಂತಿದೆಯಾ? ಒತ್ತುವರಿಯಾದರೆ ತಹಶೀಲ್ದಾರರು ಭೂಕಂದಾಯ ಕಾಯ್ದೆಯ 104ನೇ ಕಲಮಿನಡಿ ಆದೇಶ ಮಾಡುತ್ತಾರೆ. ಬಫರ್ ಆದರೆ ಕಟ್ಟಡ ಮಂಜೂರಾತಿಯ ವಿಚಾರ. ಎರಡಕ್ಕೂ ವಾದ ಬೇರೆ, ಹೋಗುವ ಕಚೇರಿಯೂ ಬೇರೆ.

ಯಾವ ಸರ್ವೆ ಆಧಾರದ ಮೇಲೆ ಈ ನೋಟಿಸ್, ಸರ್ವೆ ಮಾಡಿದ ದಿನ ಯಾವುದು, ನಡುಗೆರೆ ಎಲ್ಲಿ ಹಿಡಿದಿದ್ದಾರೆ ಅಂತ ಬರಹದಲ್ಲಿ ಕೇಳಿ. ನಿಮ್ಮ ಎದುರಿಗೇ ಜಂಟಿ ಸರ್ವೆ ಆಗಬೇಕು ಅಂತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಮಂಜೂರಾದ ನಕ್ಷೆ ಇದ್ದರೆ ಅದರ ದಿನಾಂಕ ನೋಡಿ, ಆ ದಿನ ಯಾವ ಬಫರ್ ಜಾರಿಯಲ್ಲಿತ್ತು ಅನ್ನುವುದು ನಿಮ್ಮ ವಾದಕ್ಕೆ ಬೇಕಾಗುತ್ತದೆ.

ತಡ ಮಾತ್ರ ಮಾಡಬೇಡಿ. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕಟ್ಟಡ ಕೆಡವುವ ಮುನ್ನ 15 ದಿನದ ನೋಟಿಸ್ ಕೊಡಬೇಕು ಅಂತ ಹೇಳಿದ್ದನ್ನು ನೆಚ್ಚಿಕೊಂಡು ಕೂತವರಿದ್ದಾರೆ. ಸಾರ್ವಜನಿಕ ಜಾಗದಲ್ಲಿ, ನದಿ ಮತ್ತು ಜಲಮೂಲಗಳಲ್ಲಿ ಇರುವ ಅನಧಿಕೃತ ಕಟ್ಟಡಗಳಿಗೆ ಆ ರಕ್ಷಣೆ ಇಲ್ಲ ಅಂತ ಅದೇ ತೀರ್ಪು ಹೇಳಿದೆ. ನೋಟಿಸ್ ಬಂದ ವಾರದಲ್ಲೇ ಕಂದಾಯ ವಿಷಯ ತಿಳಿದ ವಕೀಲರನ್ನೂ, ಲೈಸೆನ್ಸ್ ಇರುವ ಸರ್ವೆಯರ್ ಒಬ್ಬರನ್ನೂ ಒಟ್ಟಿಗೆ ಕೂರಿಸಿ ಮಾತಾಡಿ.

ನೋಟಿಸ್ ಇಲ್ಲ, ಆದರೆ ಮಳೆ ಬಂದಾಗ ನೀರು ಬರುತ್ತದೆ ಅನ್ನುವವರು ಮನೆಗೆ ವಿಮೆ ಮಾಡಿಸಿ. 2021ರ ಏಪ್ರಿಲ್‌ನಿಂದ ವಿಮಾ ಕಂಪನಿಗಳು ಭಾರತ್ ಗೃಹ ರಕ್ಷಾ ಪಾಲಿಸಿಯನ್ನು ಕಡ್ಡಾಯವಾಗಿ ಕೊಡಬೇಕು, ಅದರಲ್ಲಿ ಪ್ರವಾಹ ಸೇರಿದೆ. ಮನೆಯೊಳಗಿನ ಸಾಮಾನಿನ ಪಟ್ಟಿ, ಬಿಲ್ಲು, ಫೋಟೋ ಮೊಬೈಲಿನಲ್ಲಿ ಇಟ್ಟುಕೊಳ್ಳಿ. ಕಾರು ನೀರಿನಲ್ಲಿ ನಿಂತಿದ್ದರೆ ಸ್ಟಾರ್ಟ್ ಮಾಡಬೇಡಿ. ಹಾಗೆ ಮಾಡಿ ಎಂಜಿನ್ ಕೆಟ್ಟರೆ, ಎಂಜಿನ್‌ಗೆ ಬೇರೆ ಕವರ್ ಇಲ್ಲದ ಪಾಲಿಸಿಯಲ್ಲಿ ಕ್ಲೇಮ್ ಸಿಗುವುದು ಕಷ್ಟ. ಟೋ ಮಾಡಿಸಿ ಗ್ಯಾರೇಜಿಗೆ ಕಳಿಸಿ, ಕಂಪನಿಗೆ ಅದೇ ದಿನ ತಿಳಿಸಿ, ಗೋಡೆಯ ಮೇಲಿನ ನೀರಿನ ಗುರುತನ್ನು ಒರೆಸುವ ಮೊದಲು ಟೇಪ್ ಹಿಡಿದು ಒಂದು ಫೋಟೋ ತೆಗೆದಿಡಿ.